ಸೈಡಿಂಗಿನಲ್ಲಿ ಉರುಳಿದ ವ್ಯಾಗನ್: ತಜ್ಞ ಸಾಕ್ಷಿಯಾಗಿ ಎಂಟು ತಿಂಗಳು

ರೈಲ್ವೆಯ ಹಳಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ, ಅದರಲ್ಲಿ ಹೆಚ್ಚಿನ ಕಾಲವನ್ನು ಅರಸೀಕೆರೆ, ಹಾಸನ, ಸಕಲೇಶಪುರಗಳ ನಡುವೆಯೇ ಕಳೆದು, ನಿವೃತ್ತನಾದ ಮೇಲೆ ಹಾಸನದಲ್ಲಿಯೇ ನೆಲೆ ನಿಂತವನು ನಾನು. ನಿವೃತ್ತಿಯ ಎರಡನೆಯ ವರ್ಷ ಒಂದು ಸಂಜೆ ಇಲ್ಲಿನ ನ್ಯಾಯಾಲಯದ ವಕೀಲರೊಬ್ಬರು ಪರಿಚಿತರಿಂದ ವಿಳಾಸ ತಿಳಿದುಕೊಂಡು ಮನೆಗೆ ಬಂದರು. ಜಿಲ್ಲೆಯ ಒಂದು ಖಾಸಗಿ ಸೈಡಿಂಗಿನಲ್ಲಿ, ಅಂದರೆ ಮುಖ್ಯ ಮಾರ್ಗದಿಂದ ಕವಲೊಡೆದು ಸಂಸ್ಥೆಯೊಂದರ ಗೋದಾಮಿನ ಪಕ್ಕಕ್ಕೆ ಹೋಗುವ ಹಳಿಯಲ್ಲಿ, ಗೊಬ್ಬರದ ಮೂಟೆ ಇಳಿಸುತ್ತಿದ್ದಾಗ ವ್ಯಾಗನ್ (ಸರಕಿನ ಗಾಡಿ) ತಾನಾಗಿ ಹಳಿಯ ಮೇಲೆ ಉರುಳಿಕೊಂಡು ಹೋಗಿ ಹಮಾಲಿಯೊಬ್ಬರು ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಿದ್ದರು. ಅವರ ಪರಿಹಾರದ ಅರ್ಜಿ ವಿಚಾರಣೆಗೆ ಬಂದಿತ್ತು. "ಸಾರ್, ಕಾಲಿನ ಬಗ್ಗೆ ಹೇಳೋಕೆ ಡಾಕ್ಟರು ಇದ್ದಾರೆ. ವ್ಯಾಗನ್ ಯಾಕೆ ಉರುಳ್ತು ಅಂತ ಹೇಳೋಕೆ ನಮ್ಮ ಹತ್ರ ಯಾರೂ ಇಲ್ಲ" ಎಂದು ಅವರು ಕಡತವನ್ನು ಮೇಜಿನ ಮೇಲಿಟ್ಟರು.

ಕಡತದಲ್ಲಿದ್ದ ಸಂಗತಿ ಇಷ್ಟು. ಹಿಂದಿನ ರಾತ್ರಿ ರೈಲು ವ್ಯಾಗನ್‌ಗಳನ್ನು ತಂದು ಪ್ಲಾಟ್‌ಫಾರಂ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಿಡಿಸಿಕೊಂಡು ಹೋಗಿತ್ತು. ಬೆಳಿಗ್ಗೆ ನೋಡಿದರೆ ಕಡೆಯ ವ್ಯಾಗನ್ನಿನ ಬಾಗಿಲು ಗೋದಾಮಿನ ಬಾಗಿಲಿಗೆ ಸರಿಹೊಂದುತ್ತಿರಲಿಲ್ಲ. ನಾಲ್ಕು ಮೀಟರ್ ಮುಂದಕ್ಕೆ ಸರಿಯಬೇಕಿತ್ತು. ಮೇಸ್ತ್ರಿ ಹೇಳಿದಂತೆ ಕಪ್ಲಿಂಗ್ ಬಿಚ್ಚಿ, ವ್ಯಾಗನ್ನಿನ ಪಕ್ಕದಲ್ಲಿರುವ ಬ್ರೇಕ್ ರಿಲೀಸ್ ಹಿಡಿಕೆಯನ್ನು ಎಳೆದವರು ಇದೇ ಹಮಾಲಿ. ನಾಲ್ವರು ಚಕ್ರದ ಹಿಂದೆ ಹಾರೆ ಕೊಟ್ಟು ಮೀಟಿದರು. ವ್ಯಾಗನ್ ಅಲುಗಿತು, ನಾಲ್ಕು ಮೀಟರ್ ದಾಟಿತು, ನಿಲ್ಲಲಿಲ್ಲ. ಅರವತ್ತು ಮೀಟರ್ ಆಚೆ, ಪ್ಲಾಟ್‌ಫಾರಂ ಮುಗಿಯುವ ಕಡೆಯಲ್ಲಿ, ಚಕ್ರಕ್ಕೆ ಕಲ್ಲು ಕೊಡಲು ಹೋದಾಗ ಅವರ ಕಾಲು ಸಿಕ್ಕಿಕೊಂಡಿತು.

ನಾನು ಕೂಡಲೇ ಒಪ್ಪಲಿಲ್ಲ. ಮೊದಲು ಮೂರು ವಿಷಯ ಹೇಳಿದೆ. ನನ್ನನ್ನು ಏನು ಕೇಳುತ್ತಿದ್ದೀರಿ ಎಂಬುದನ್ನು ಪ್ರಶ್ನೆಗಳ ರೂಪದಲ್ಲಿ ಪತ್ರದಲ್ಲಿ ಬರೆದುಕೊಡಬೇಕು. ಸಂಭಾವನೆಯನ್ನು ಕೆಲಸದ ದಿನಗಳ ಲೆಕ್ಕದಲ್ಲಿ ಕೊಡಬೇಕೇ ಹೊರತು ಪ್ರಕರಣ ಗೆದ್ದರೆ ಇಷ್ಟು ಎಂಬ ಮಾತು ಬರಕೂಡದು. ಮೂರನೆಯದು, ಆ ಸೈಡಿಂಗಿನ ಹಳಿ ನಿರ್ವಹಣೆಯ ಗುತ್ತಿಗೆದಾರರ ಬಳಿ ಮೇಲ್ವಿಚಾರಕನಾಗಿರುವವನು ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗ. ಈ ಸಂಗತಿಯನ್ನು ನನ್ನ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ, ಅದರಿಂದ ತೊಂದರೆ ಎನಿಸಿದರೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ವಕೀಲರು ಒಂದು ದಿನ ಯೋಚಿಸಿ ಒಪ್ಪಿಕೊಂಡರು.

ನ್ಯಾಯಾಲಯದಲ್ಲಿ ಸಾಮಾನ್ಯ ಸಾಕ್ಷಿ ತಾನು ಕಂಡದ್ದನ್ನು ಮಾತ್ರ ಹೇಳಬೇಕು, ಅಭಿಪ್ರಾಯ ಹೇಳುವಂತಿಲ್ಲ. ವಿಶೇಷ ಪರಿಣತಿ ಇರುವವರ ಅಭಿಪ್ರಾಯಕ್ಕೆ ಅವಕಾಶವಿರುವುದು ಹಿಂದಿನ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 39ನೇ ಕಲಂ. ನಮ್ಮ ಪ್ರಕರಣದ ಗಂಟು ಇದ್ದದ್ದು ಇನ್ನೊಂದು ಕಾಯ್ದೆಯಲ್ಲಿ. ಆಗ ಜಾರಿಯಲ್ಲಿದ್ದ 1923ರ ನೌಕರರ ನಷ್ಟಪರಿಹಾರ ಅಧಿನಿಯಮದ 3ನೇ ಕಲಮಿನ ಪ್ರಕಾರ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದ ಪ್ರಕರಣದಲ್ಲಿ, ತನ್ನ ರಕ್ಷಣೆಗಾಗಿ ಒದಗಿಸಿದ ಸಾಧನವೆಂದು ಗೊತ್ತಿದ್ದೂ ಕಾರ್ಮಿಕ ಅದನ್ನು ಬೇಕೆಂದೇ ತೆಗೆದುಹಾಕಿದ್ದರೆ ಮಾಲೀಕನಿಗೆ ಪರಿಹಾರದ ಹೊಣೆ ಇರುತ್ತಿರಲಿಲ್ಲ. ಸಂಸ್ಥೆಯವರ ವಾದ ಇದರ ಮೇಲೆಯೇ ನಿಂತಿತ್ತು: ಬ್ರೇಕು ಸುರಕ್ಷತಾ ಸಾಧನ, ಅದನ್ನು ಬಿಡಿಸಿದವರು ಅರ್ಜಿದಾರರೇ, ಆದ್ದರಿಂದ ನಮ್ಮ ಹೊಣೆಯಿಲ್ಲ.

ಪ್ರಯಾಣಿಕರ ರೈಲಿನ ದೊಡ್ಡ ಅಪಘಾತವಾದರೆ ತನಿಖೆಗೆ ಒಂದು ಭದ್ರವಾದ ಏರ್ಪಾಡಿದೆ. ರೈಲ್ವೆ ಸುರಕ್ಷತಾ ಆಯುಕ್ತರು 1989ರ ರೈಲ್ವೆ ಕಾಯ್ದೆಯ ಪ್ರಕಾರ ಸ್ಥಳಕ್ಕೆ ಬಂದು ವಿಚಾರಣೆ ನಡೆಸುತ್ತಾರೆ, ಸಾಕ್ಷಿಗಳನ್ನು ಕರೆಯುತ್ತಾರೆ, ಸಾರ್ವಜನಿಕರಿಗೂ ಹೇಳಿಕೆ ಕೊಡುವ ಅವಕಾಶವಿರುತ್ತದೆ. ಈ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನದಲ್ಲಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದ್ದಾರೆ. ರೈಲು ಓಡಿಸುವವರೇ ತಮ್ಮ ತಪ್ಪನ್ನು ತಾವೇ ಅಳೆಯಬಾರದು ಎಂಬ ವಿವೇಕದಿಂದ 1941ರಲ್ಲಿಯೇ ಈ ವಿಭಾಗವನ್ನು ರೈಲ್ವೆ ಮಂಡಳಿಯಿಂದ ಬೇರೆ ಮಾಡಲಾಗಿತ್ತು. ಆದರೆ ಖಾಸಗಿ ಸೈಡಿಂಗಿನಲ್ಲಿ ಒಂಟಿ ವ್ಯಾಗನ್ ಉರುಳಿ ಒಬ್ಬ ಹಮಾಲಿಯ ಕಾಲು ಹೋದರೆ ಅಂಥ ವಿಚಾರಣೆಯ ವರದಿ ಯಾರ ಕೈಗೂ ಬರುವುದಿಲ್ಲ. ಇಲ್ಲಿ ಇದ್ದದ್ದು ಪೊಲೀಸರ ಮಹಜರು, ಸಂಸ್ಥೆಯ ಎರಡು ಪುಟದ ಆಂತರಿಕ ವರದಿ, ಆಸ್ಪತ್ರೆಯ ಕಾಗದಗಳು. ಆಂತರಿಕ ವರದಿಯ ಕೊನೆಯ ಸಾಲು, "ಕಾರ್ಮಿಕನ ಅಜಾಗರೂಕತೆಯೇ ಕಾರಣ."

ನನ್ನ ಸೇವೆಯಲ್ಲಿ ಇಂಥ ಕೊನೆಯ ಸಾಲುಗಳನ್ನು ಬಹಳ ಕಂಡಿದ್ದೇನೆ. ರೈಲು ಹಳಿ ತಪ್ಪಿದ ಸ್ಥಳಕ್ಕೆ ಮೊದಲು ತಲುಪುವ ಹಳಿ, ವ್ಯಾಗನ್ ಮತ್ತು ಸಂಚಾರ ವಿಭಾಗಗಳ ಮೇಲ್ವಿಚಾರಕರು ಸೇರಿ ಜಂಟಿ ಟಿಪ್ಪಣಿ ಬರೆಯುವುದು ಪದ್ಧತಿ. ಚಕ್ರ ಹಳಿಯ ಮೇಲೆ ಹತ್ತಿದ ಗುರುತನ್ನು ಹುಡುಕಿ ಅದಕ್ಕೆ ಸೊನ್ನೆ ಎಂದು ಸುಣ್ಣದಲ್ಲಿ ಬರೆದು, ಅಲ್ಲಿಂದ ಹಿಂದಕ್ಕೆ ಮೂರು ಮೂರು ಮೀಟರಿಗೆ ಗೇಜು (ಎರಡು ಹಳಿಗಳ ನಡುವಿನ ಅಂತರ) ಮತ್ತು ಅವುಗಳ ಮಟ್ಟದ ವ್ಯತ್ಯಾಸ ಅಳೆಯುತ್ತೇವೆ. ವ್ಯಾಗನ್ ವಿಭಾಗದವರು ಚಕ್ರದ ಅಂಚಿನ ಸವೆತ ಅಳೆಯುತ್ತಾರೆ. ಅಳೆದರೆ ಎಲ್ಲದರಲ್ಲಿಯೂ ಒಂದಿಷ್ಟು ಕೊರತೆ ಸಿಕ್ಕೇ ಸಿಗುತ್ತದೆ. ವ್ಯಾಗನ್ನಿನವರು ಹಳಿಯ ದೋಷ ತೋರಿಸುತ್ತಾರೆ, ನಾವು ಸ್ಪ್ರಿಂಗಿನ ದೋಷ ತೋರಿಸುತ್ತೇವೆ. ಅದೇ ಹಳಿಯ ಮೇಲೆ ನಿನ್ನೆಯವರೆಗೆ ಎಷ್ಟೋ ಗಾಡಿ ಸುರಕ್ಷಿತವಾಗಿ ಹೋಗಿದ್ದವು, ಅದೇ ವ್ಯಾಗನ್ ಎಷ್ಟೋ ದೂರ ಸರಿಯಾಗಿಯೇ ಓಡಿ ಬಂದಿತ್ತು. ಹಾಗಿದ್ದ ಮೇಲೆ ಇವತ್ತು ಇಲ್ಲಿ ಏನಾಯಿತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಲೈನಿಗೆ ನುಗ್ಗಿ ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿದದ್ದು ಎಲ್ಲರ ಕಣ್ಣಿಗೂ ಕಂಡಿತು. ಮುಖ್ಯ ಮಾರ್ಗಕ್ಕೆ ಹಸಿರು ಸಿಗ್ನಲ್ ಇದ್ದೂ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟು ಲೂಪಿಗೇ ತಿರುಗಿದ್ದು ಹೇಗೆ ಎಂದು ಹಿಂದೆ ಹಿಂದೆ ಹೋದಾಗ ಸಿಕ್ಕಿದ್ದು ಸಿಗ್ನಲ್ ಸರ್ಕ್ಯೂಟಿನ ಬದಲಾವಣೆಯಲ್ಲಿ ಆದ ಲೋಪ. ದೋಷ ಕಂಡ ಜಾಗದಲ್ಲಿಯೇ ಕಾರಣವೂ ಇರುತ್ತದೆ ಎಂದು ಭಾವಿಸಿದರೆ ತನಿಖೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಇಷ್ಟು ತಿಳಿದಿದ್ದ ನಾನೇ ಈ ಪ್ರಕರಣದಲ್ಲಿ ಸ್ವಲ್ಪದರಲ್ಲಿ ಅಲ್ಲಿಯೇ ನಿಲ್ಲುತ್ತಿದ್ದೆ. ಇದನ್ನು ಬರೆಯಲು ಕೂತದ್ದೂ ಆ ಕಾರಣಕ್ಕೆ.

ನ್ಯಾಯಾಲಯದ ಅನುಮತಿ ಪಡೆದು ಸ್ಥಳ ಪರಿಶೀಲನೆಗೆ ಹೋದಾಗ ಅಪಘಾತವಾಗಿ ನಾಲ್ಕು ತಿಂಗಳು ಕಳೆದಿತ್ತು. ಎರಡೂ ಕಡೆಯ ವಕೀಲರು, ಸಂಸ್ಥೆಯ ಒಬ್ಬ ಅಧಿಕಾರಿ, ನನ್ನ ಹಳೆಯ ಹುಡುಗ ಎಲ್ಲರೂ ಇದ್ದರು. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ನಮ್ಮ ಮೇಲೆ ಬರೀತೀರಾ?" ಎಂದು ಕೇಳಿದ. "ಅಳತೆ ಬರೀತೀನಿ ಕಣಪ್ಪ. ನೀನೇ ಸ್ಟಾಫ್ ಕೋಲು ಹಿಡ್ಕೊ, ನಾನು ಓದಿದ್ದನ್ನ ನೀನೂ ಬರ್ಕೊ" ಎಂದೆ. ಸಂಜೆ ಆ ಅಳತೆಯ ಹಾಳೆಗೆ ಎರಡೂ ಕಡೆಯವರು ಸಹಿ ಹಾಕಿದರು. ಜಂಟಿ ಟಿಪ್ಪಣಿಯಲ್ಲಿ ಬೇರೇನು ಕೊರತೆಯಿದ್ದರೂ ಈ ಒಂದು ಗುಣವಿದೆ: ಅಂಕಿಗಳ ಬಗ್ಗೆ ಆಮೇಲೆ ಜಗಳವಾಗುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ನಾನು ಸೈಡಿಂಗಿನ ಉದ್ದಕ್ಕೂ ಎರಡು ಸಲ ಬರಿದೇ ನಡೆದೆ. ಪ್ಲಾಟ್‌ಫಾರಂ ನೂರು ಮೀಟರ್ ಉದ್ದವಿತ್ತು. ಮೇಲ್ತುದಿಯಿಂದ ಸುಮಾರು 55 ಮೀಟರ್ ವರೆಗೆ ಜಲ್ಲಿ ಹಳೆಯದು. ಕಂದು ಬಣ್ಣಕ್ಕೆ ತಿರುಗಿ, ಗೊಬ್ಬರದ ಪುಡಿ ಮಳೆಗೆ ಕರಗಿ ಗಟ್ಟಿಯಾಗಿ, ಸಂದುಗಳಲ್ಲಿ ಹುಲ್ಲು ಬಂದಿತ್ತು. ಅಲ್ಲಿಂದ ಕೆಳಗೆ ಜಲ್ಲಿ ಬೂದು ಬಣ್ಣದ್ದು, ಅಂಚು ಇನ್ನೂ ಚೂಪಾಗಿತ್ತು, ಸ್ಲೀಪರ್‌ಗಳ ಬದಿಯಲ್ಲಿ ಹಾರೆಯ ಹೊಸ ಗೀರುಗಳಿದ್ದವು. ಅಂದರೆ ಅಪಘಾತದ ನಂತರ ಕೆಳಗಿನ ಅರ್ಧವನ್ನು ಎತ್ತಿ, ಅಡಿಯಲ್ಲಿ ಜಲ್ಲಿ ತುಂಬಿ ಬಿಗಿಮಾಡುವ ಪ್ಯಾಕಿಂಗ್ ಮಾಡಲಾಗಿತ್ತು. ಕೇಳಿದಾಗ ಹುಡುಗ ಮುಚ್ಚಿಡಲಿಲ್ಲ. "ಹೌದು ಸಾರ್, ಆಮೇಲೆ ಎತ್ತಿದ್ವಿ. ಕೆಳಗಡೆ ಮಣ್ಣು ತುಂಬಿದ ಜಾಗ, ಮಳೆಗಾಲದಲ್ಲಿ ಕೂತ್ಕೊಂಡಿತ್ತು" ಎಂದ. ಎಷ್ಟು ಎತ್ತಿದಿರಿ ಎಂಬುದಕ್ಕೆ ಮಾತ್ರ ಅವನ ಬಳಿ ಲೆಕ್ಕವಿರಲಿಲ್ಲ. ಅಪಘಾತದ ದಿನದ ಇಳಿಜಾರು ನನ್ನ ಕಣ್ಣ ಮುಂದೆ ಇರಲಿಲ್ಲ ಎಂದಾಯಿತು.

ಎತ್ತರ ತಗ್ಗು ಅಳೆಯುವ ಡಂಪಿ ಲೆವೆಲ್ ಉಪಕರಣ ನಿಲ್ಲಿಸಿ ಐದೈದು ಮೀಟರಿಗೆ ಎರಡೂ ಹಳಿಗಳ ಮಟ್ಟವನ್ನೂ ಪ್ಲಾಟ್‌ಫಾರಂ ಅಂಚಿನ ಕಲ್ಲಿನ ಮಟ್ಟವನ್ನೂ ತೆಗೆದುಕೊಂಡೆವು. ಅಂಚಿನ ಕಲ್ಲು ಕಾಂಕ್ರೀಟ್ ಗೋಡೆಯ ಮೇಲೆ ಕೂತದ್ದು, ಅದು ಕುಸಿದಿರಲಿಲ್ಲ. ನೂರು ಮೀಟರಿನಲ್ಲಿ 250 ಮಿ.ಮೀ. ಇಳಿದಿತ್ತು. ಇದು 400ಕ್ಕೆ 1ರ ಇಳಿಜಾರು, ಅಂದರೆ 400 ಮೀಟರಿಗೆ 1 ಮೀಟರ್ ಇಳಿತ; ಮೊದಲ ಅಂಕಿ ಕಡಿಮೆಯಾದಷ್ಟೂ ಇಳಿಜಾರು ಕಡಿದು. ಸೈಡಿಂಗಿನ ಮೂಲ ನಕ್ಷೆಯಲ್ಲಿ ಹಳಿಗೆ ತೋರಿಸಿದ್ದೂ ಅದೇ, ರೈಲ್ವೆಯ ಯಾರ್ಡುಗಳಲ್ಲಿ ಇದಕ್ಕಿಂತ ಕಡಿದಾದ ಇಳಿಜಾರು ಇರಬಾರದು ಎಂಬ ಮಿತಿಯೂ ಅದೇ. ಹಾಗಾದರೆ ಹಳಿ ಮತ್ತು ಅಂಚಿನ ಕಲ್ಲು ಮೊದಲು ಸಮಾನಾಂತರವಾಗಿದ್ದವು ಎಂದಾಯಿತು, ಈಗ ಅವುಗಳ ನಡುವಿನ ಅಂತರ ಬೆಳೆದ ಕಡೆಯಲ್ಲಿ ಹಳಿ ಕುಸಿದಿದೆ ಎಂದಾಯಿತು. ಮೇಲ್ತುದಿಯಲ್ಲಿ ಕಲ್ಲಿನಿಂದ ಹಳಿಯ ನೆತ್ತಿಗೆ 1002 ಮಿ.ಮೀ. ಇತ್ತು. 50 ಮೀಟರಿನ ಗುರುತಿನಲ್ಲಿ, ಯಾರೂ ಮುಟ್ಟದ ಹಳೆಯ ಜಲ್ಲಿಯ ಭಾಗದಲ್ಲಿಯೇ, ಅದು 1069 ಆಗಿತ್ತು. ನಡುವಿನ ಅಂಕಿಗಳು ಒಂದೇ ಸಮನಾಗಿ ಏರುತ್ತ ಹೋಗಿದ್ದವು. ಎತ್ತಿ ಪ್ಯಾಕ್ ಮಾಡಿದ ಕೆಳತುದಿಯಲ್ಲಿ ಈಗ ಇದ್ದದ್ದು 1088.

ಐವತ್ತು ಮೀಟರಿಗೆ 67 ಮಿ.ಮೀ. ಕುಸಿತ ಹೀಗೆಯೇ ಮುಂದುವರಿದಿದ್ದರೆ ಅಪಘಾತದ ದಿನ ಕೆಳತುದಿಯಲ್ಲಿ 1136 ಇರಬೇಕಿತ್ತು. ಆದರೆ "ಇದ್ದಿದ್ದರೆ" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ರಾತ್ರಿ ಮನೆಯಲ್ಲಿ ಕೂತು ಪೊಲೀಸರ ಮಹಜರನ್ನು ಮತ್ತೊಮ್ಮೆ ಸಾಲು ಸಾಲಾಗಿ ಓದಿದೆ. ಗಾಯಾಳು ಪ್ಲಾಟ್‌ಫಾರಂನಿಂದ ಕೆಳಗೆ ಹೇಗೆ ಇಳಿದಿರಬಹುದು ಎಂದು ತೋರಿಸಲು ಹೆಡ್ ಕಾನ್‌ಸ್ಟೇಬಲ್ ಒಬ್ಬರು ಆ ದಿನವೇ ಟೇಪು ಹಿಡಿದು, "ಪ್ಲಾಟ್‌ಫಾರಂ ಕೊನೆಯಲ್ಲಿ ಅಂಚಿನಿಂದ ಹಳಿಯ ಮೇಲ್ಭಾಗಕ್ಕೆ ಮೂರು ಅಡಿ ಎಂಟು ಮುಕ್ಕಾಲು ಅಂಗುಲ" ಎಂದು ಬರೆದಿದ್ದರು. ಅದನ್ನು ಮಿಲಿಮೀಟರಿಗೆ ತಿರುಗಿಸಿದರೆ 1137. ಹಳಿಯ ಶಾಸ್ತ್ರ ಯಾವುದನ್ನೂ ಓದದ ಒಬ್ಬರು, ಬೇರೆ ಉದ್ದೇಶಕ್ಕೆ ತೆಗೆದುಕೊಂಡ ಅಳತೆ, ನನ್ನ ಲೆಕ್ಕಕ್ಕೆ ಒಂದು ಮಿಲಿಮೀಟರಿನಲ್ಲಿ ಬಂದು ಕೂಡಿತು. ಟೇಪಿನ ಓದಿನಲ್ಲಿ ಕಾಲು ಅಂಗುಲದಷ್ಟು ಹೆಚ್ಚು ಕಡಿಮೆ ಆಗಿರಬಹುದು ಎಂದು ಹಿಡಿದರೂ ಆ ದಿನದ ಇಳಿಜಾರು 256ಕ್ಕೆ 1 ಮತ್ತು 264ಕ್ಕೆ 1ರ ನಡುವೆ ಇತ್ತು. ಮಿತಿ 400, ಇದ್ದದ್ದು ಸುಮಾರು 260. ಅಪಘಾತದ ಕಾರಣ ಕೈಗೆ ಸಿಕ್ಕಿತು ಎಂದು ಆ ರಾತ್ರಿ ನನಗೆ ನಿಜವಾಗಿಯೂ ಅನಿಸಿತು, ವಕೀಲರಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ. ಹಾಗೆ ಅವಸರಪಟ್ಟದ್ದು ನನ್ನ ತಪ್ಪು.

ಮರುದಿನ ಲೆಕ್ಕಕ್ಕೆ ಕೂತೆ. ಇಳಿಜಾರು ಎಂದರೆ ಏನೆಂದು ಘಟ್ಟದಲ್ಲಿ ಕೆಲಸ ಮಾಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗೆ ಸುಮಾರು 55 ಕಿ.ಮೀ., 57 ಸುರಂಗ, ಇಳಿಜಾರು 50ಕ್ಕೆ 1. ಅಲ್ಲಿ ಪ್ರತಿ ಟನ್ ಭಾರವನ್ನು ಇಳಿಜಾರು 20 ಕೆ.ಜಿ. ಬಲದಿಂದ ಕೆಳಗೆ ಎಳೆಯುತ್ತದೆ. ಬ್ರೇಕಿನ ಪರೀಕ್ಷೆ ಮಾಡದೆ ಗಾಡಿ ಇಳಿಸುವ ಮಾತೇ ಇಲ್ಲ. ಆ ಕಣ್ಣಿಗೆ 260ಕ್ಕೆ 1 ಸಮತಟ್ಟಾಗಿಯೇ ಕಾಣುತ್ತದೆ. ಅದು ಎಳೆಯುವುದು ಟನ್ನಿಗೆ 3.85 ಕೆ.ಜಿ. ಮಾತ್ರ. ಆದರೆ ಇವತ್ತಿನ ವ್ಯಾಗನ್‌ಗಳ ಅಚ್ಚು ತಿರುಗುವುದು ರೋಲರ್ ಬೇರಿಂಗ್ ಮೇಲೆ. ನಿಂತದ್ದನ್ನು ಅಲುಗಿಸಲು ಹೆಚ್ಚು ಬಲ ಬೇಕಾದರೂ, ಒಮ್ಮೆ ಅಲುಗಿ ನಿಧಾನವಾಗಿ ಉರುಳತೊಡಗಿದ ಮೇಲೆ ತಡೆಯುವ ಘರ್ಷಣೆ ಟನ್ನಿಗೆ ಒಂದೂವರೆ ಕೆ.ಜಿ.ಯ ಆಸುಪಾಸು. ಆ ಲೆಕ್ಕದಲ್ಲಿ ವ್ಯಾಗನ್ ಮೊದಲ ಹತ್ತು ಸೆಕೆಂಡಿನಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಸರಿಯುತ್ತದೆ, ಹಾರೆ ಹಿಡಿದವರಿಗೆ ಅದು ತಮ್ಮ ಬಲದಿಂದಲೇ ಹೋಗುತ್ತಿದೆ ಅನಿಸುತ್ತದೆ. ಅರವತ್ತು ಮೀಟರ್ ದಾಟಲು 72 ಸೆಕೆಂಡು ಬೇಕು, ಅಷ್ಟರಲ್ಲಿ ವೇಗ ಗಂಟೆಗೆ 6 ಕಿ.ಮೀ. ಆಗಿರುತ್ತದೆ. ಮನುಷ್ಯ ಚುರುಕಾಗಿ ನಡೆಯುವ ವೇಗ. ಭಾರ ಮಾತ್ರ ಎಂಬತ್ತು ಟನ್ನಿನ ಸಮೀಪ.

ಆಮೇಲೆ, ಹಳಿ ಕುಸಿಯದೆ ನಕ್ಷೆಯಲ್ಲಿದ್ದಂತೆಯೇ 400ಕ್ಕೆ 1 ಇದ್ದಿದ್ದರೆ ಏನಾಗುತ್ತಿತ್ತು ಎಂದು ಅದೇ ಲೆಕ್ಕವನ್ನು ಮತ್ತೆ ಮಾಡಿದೆ. ಎಳೆಯುವ ಬಲ ಟನ್ನಿಗೆ ಎರಡೂವರೆ ಕೆ.ಜಿ., ತಡೆಯುವುದು ಒಂದೂವರೆ. ವ್ಯಾಗನ್ ಆಗಲೂ ನಿಲ್ಲುವುದಿಲ್ಲ. ಘರ್ಷಣೆಯನ್ನು ಟನ್ನಿಗೆ 2 ಕೆ.ಜಿ. ಎಂದು ಧಾರಾಳವಾಗಿ ಹಿಡಿದರೂ ನಿಲ್ಲುವುದಿಲ್ಲ. ಮೊದಲ ಲೆಕ್ಕದಂತೆ 110 ಸೆಕೆಂಡಿಗೆ ಅದೇ ಜಾಗಕ್ಕೆ, ಗಂಟೆಗೆ ಸುಮಾರು 4 ಕಿ.ಮೀ. ವೇಗದಲ್ಲಿ ತಲುಪುತ್ತದೆ. ಎರಡು ದಿನ ಬಿಸಿಲಿನಲ್ಲಿ ನಿಂತು, ಜಲ್ಲಿಯ ಬಣ್ಣ ನೋಡಿ, ಮಹಜರಿನ ಮೂಲೆಯಲ್ಲಿದ್ದ ಅಳತೆಯನ್ನು ಹುಡುಕಿ ತೆಗೆದ ಆ ಕುಸಿತ ನಿಜವಾದ ದೋಷವೇ ಆಗಿತ್ತು, ಸರಿಪಡಿಸಲೇಬೇಕಾದದ್ದೂ ಆಗಿತ್ತು. ಆದರೆ ವ್ಯಾಗನ್ ಉರುಳಿದ್ದಕ್ಕೆ ಅದು ಕಾರಣವಾಗಿರಲಿಲ್ಲ. ಅದು ವೇಗವನ್ನು ಹೆಚ್ಚಿಸಿತ್ತು, ಅಷ್ಟೇ. ಹಿಡಿತವಿಲ್ಲದ ವ್ಯಾಗನ್ ಆ ಸೈಡಿಂಗಿನಲ್ಲಿ ಮೊದಲ ದಿನದಿಂದಲೂ ಉರುಳುವಂಥದ್ದೇ.

ಹಾಗಾದರೆ ಅದನ್ನು ಹಿಡಿದು ನಿಲ್ಲಿಸಬೇಕಾಗಿದ್ದದ್ದು ಯಾವುದು? ವ್ಯಾಗನ್‌ಗಳ ಏರ್ ಬ್ರೇಕಿನಲ್ಲಿ ಬ್ರೇಕ್ ಪೈಪಿನ ಒತ್ತಡ 5 ಕೆ.ಜಿ. ಇದ್ದಾಗ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದಾಗ ಹಿಡಿಯುತ್ತದೆ. ಎಂಜಿನ್ ಬಿಡಿಸಿದಾಗ ಪೈಪಿನ ಗಾಳಿ ಹೊರಗೆ ಹೋಗಿ, ಪ್ರತಿ ವ್ಯಾಗನ್ನಿನ ಸ್ವಂತ ಗಾಳಿಯ ಟ್ಯಾಂಕಿನಿಂದ ಬ್ರೇಕ್ ಸಿಲಿಂಡರಿಗೆ ಗಾಳಿ ನುಗ್ಗಿ ಬ್ಲಾಕುಗಳು ಚಕ್ರವನ್ನು ಕಚ್ಚುತ್ತವೆ. ಆದರೆ ಆ ಹಿಡಿತ ಗಾಳಿಯದು. ಗಾಳಿ ಸಣ್ಣ ಸಂದುಗಳಿಂದ ಸೋರುತ್ತ ಹೋಗಿ ಗಂಟೆಗಳು ಕಳೆದಂತೆ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ನಿಲ್ಲಿಸಿದ ವ್ಯಾಗನ್ನಿಗೆ ಕೈ ಬ್ರೇಕಿನ ಚಕ್ರ ತಿರುಗಿಸಿ ಬಿಗಿ ಮಾಡಬೇಕು, ಗಾಲಿಗಳ ಕೆಳಗೆ ಮರದ ವೆಜ್, ಅಂದರೆ ಬೆಣೆ, ಕೊಡಬೇಕು, ಬೇಕಾದ ಕಡೆ ಸರಪಳಿಯನ್ನೂ ಹಾಕಬೇಕು ಎಂಬ ಕಟ್ಟುನಿಟ್ಟು ರೈಲ್ವೆಯಲ್ಲಿ ಇದೆ. ಇನ್ನು ರಿಲೀಸ್ ಹಿಡಿಕೆ. ಎಂಜಿನ್ ಇಲ್ಲದೆ ವ್ಯಾಗನ್ನನ್ನು ಸರಿಸಬೇಕಾದಾಗ ಸಿಲಿಂಡರಿನ ಗಾಳಿಯನ್ನು ಖಾಲಿ ಮಾಡಲೆಂದೇ ತಯಾರಕರು ಅದನ್ನು ಇಟ್ಟಿರುತ್ತಾರೆ. ಎಳೆದರೆ ಬುಸ್ ಎಂದು ಗಾಳಿ ಹೋಗಿ ಬ್ರೇಕು ಬಿಡುತ್ತದೆ. ಅದನ್ನು ಎಳೆಯುವುದು ಎಂದರೆ ಒಂದು ರಕ್ಷಣೆಯನ್ನು ಕಿತ್ತುಹಾಕುವುದಲ್ಲ. ವ್ಯಾಗನ್ ಸರಿಸಲು ಇರುವ ಕ್ರಮದ ಒಂದು ಹೆಜ್ಜೆ ಅದು, ಅದಕ್ಕೆ ಮುಂಚಿನ ಹೆಜ್ಜೆ ಕೈ ಬ್ರೇಕಿನ ಬಳಿ ಒಬ್ಬರನ್ನೂ ಹಳಿಯ ಮುಂದೆ ವೆಜ್‌ಗಳನ್ನೂ ಸಿದ್ಧವಾಗಿಡುವುದು. ಮಹಜರಿನಲ್ಲಿ ವೆಜ್ ಎಂಬ ಪದವೇ ಇರಲಿಲ್ಲ. ಸ್ಥಳದಲ್ಲಿದ್ದ ವಸ್ತುಗಳ ಪಟ್ಟಿಯಲ್ಲಿ ನಾಲ್ಕು ಹಾರೆ, ಒಂದು ಚಪ್ಪಲಿ, ರಕ್ತ ಹತ್ತಿದ ಒಂದು ಸೈಜುಗಲ್ಲು.

ಆ ಕಲ್ಲಿನ ಬಗ್ಗೆ ಕೇಳಬೇಕೆಂದು ಹಮಾಲಿಯವರನ್ನು ವಕೀಲರ ಕಚೇರಿಯಲ್ಲಿ ಒಮ್ಮೆ ಭೇಟಿಯಾದೆ. ಊರುಗೋಲನ್ನು ಗೋಡೆಗೆ ಒರಗಿಸಿ ಕೂತಿದ್ದರು. ಕೈ ಬ್ರೇಕು ಯಾವುದೆಂದು ಯಾರಾದರೂ ತೋರಿಸಿದ್ದರೇ ಎಂದು ಕೇಳಿದೆ. "ಆ ಚಕ್ರ ನೋಡಿದ್ದೀನಿ ಸಾಮಿ. ಅದನ್ನ ಮುಟ್ಟಬ್ಯಾಡಿ, ರೈಲ್ವೆಯೋರ್ದು ಅಂತ ಮೇಸ್ತ್ರಿ ಹೇಳಿದ್ರು" ಎಂದರು. ಕಲ್ಲು ಎಲ್ಲಿಂದ ತಂದಿರಿ ಎಂದಾಗ ಎರಡೂ ಅಂಗೈಗಳನ್ನು ಅಗಲಿಸಿ ಅದರ ಗಾತ್ರ ತೋರಿಸುತ್ತ, "ಗೋಡೆ ಪಕ್ಕ ಬಿದ್ದಿತ್ತು. ಹಿಂದೇನೂ ಎರಡು ಸಲ ಹಂಗೇ ಕೊಟ್ಟು ನಿಲ್ಲಿಸಿದ್ದೀನಿ. ಅವತ್ತು ಕಲ್ಲು ಜಾರ್ತು" ಎಂದರು. ನಾನು ಅದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡೆ. ಹಿಂದೆ ಎರಡು ಸಲ ವ್ಯಾಗನ್ ಉರುಳಿದ್ದು ಯಾರ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನೂ ಬರೆದಿಡಬೇಕು ಎಂದು ನಮ್ಮಲ್ಲಿ ದಿನವೂ ಹಳಿಯುದ್ದಕ್ಕೂ ನಡೆದು ನೋಡುವ ಕೀಮನ್‌ಗಳಿಗೂ ಹೇಳಿಕೊಡುತ್ತಿದ್ದೆವು. ಇಲ್ಲಿ ಅಂಥ ಎರಡು ಎಚ್ಚರಿಕೆಗಳು ಒಬ್ಬ ಮನುಷ್ಯನ ನೆನಪಿನಲ್ಲಿ ಮಾತ್ರ ಉಳಿದಿದ್ದವು.

ವರದಿಯ ಕರಡನ್ನು ಓದಿ ವಕೀಲರು ಬೇಸರಗೊಂಡರು. "ಸಾರ್, ಇಳಿಜಾರು ಮಿತಿ ಮೀರಿತ್ತು ಅನ್ನೋದನ್ನ ಇಟ್ಕೊಳ್ಳಿ. 400 ಇದ್ರೂ ಉರುಳ್ತಿತ್ತು ಅನ್ನೋ ಪ್ಯಾರಾ ಯಾಕೆ? ಹಿಡಿಕೆ ಎಳೆದಿದ್ದು ನಮ್ಮ ಕಕ್ಷಿದಾರರೇ ಅಂತಾನೂ ಬರೆದಿದ್ದೀರಲ್ಲ" ಎಂದರು. ಫೋನಿನಲ್ಲಿ ಅವಸರಪಟ್ಟು ಆಸೆ ಹುಟ್ಟಿಸಿದವನು ನಾನೇ ಆದ್ದರಿಂದ ಮೊದಲು ಕ್ಷಮೆ ಕೇಳಿದೆ. ಆಮೇಲೆ, ಇಳಿಜಾರೇ ಕಾರಣವೆಂದು ನಾವು ಹೇಳಿದರೆ ಎದುರು ಪಕ್ಷದವರು ಯಾವ ಎಂಜಿನಿಯರನ್ನು ಕರೆಸಿದರೂ ಅರ್ಧ ಗಂಟೆಯಲ್ಲಿ ಈ ಲೆಕ್ಕ ಮಾಡಿ ತೋರಿಸುತ್ತಾರೆ, ಆಗ ಉಳಿದದ್ದನ್ನೂ ಯಾರೂ ನಂಬುವುದಿಲ್ಲ ಎಂದೆ. ಹಿಡಿಕೆ ಎಳೆದದ್ದನ್ನು ಬಿಟ್ಟರೆ ಹಿಡಿಕೆ ಏನು ಎಂಬುದನ್ನೂ ಬಿಡಬೇಕಾಗುತ್ತದೆ, ಪ್ರಕರಣದ ಗಂಟು ಇರುವುದು ಅಲ್ಲಿಯೇ ಅಲ್ಲವೇ ಎಂದೂ ಕೇಳಿದೆ. ಅವರು ಕಾಯ್ದೆಯ ಪುಸ್ತಕ ತೆಗೆದು 3ನೇ ಕಲಮನ್ನು ಮತ್ತೊಮ್ಮೆ ಓದಿದರು, ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಇಳಿಜಾರು ಕಾರಣ ಅಂದ್ರೆ ಅವರು ಗುತ್ತಿಗೆದಾರರ ಕಡೆ ಕೈ ತೋರಿಸಿ ಇನ್ನೂ ಒಂದು ವರ್ಷ ಎಳೀತಾರೆ. ನೀವು ಬರೆದಂಗೇ ಇರಲಿ" ಎಂದರು. ವರದಿ ಹನ್ನೊಂದು ಪುಟವಾಯಿತು. ಅಳತೆಯ ಹಾಳೆ, ಲೆಕ್ಕ, ಫೋಟೋಗಳು ಬೇರೆ. ನಾನು ಹಿಡಿದ ಪ್ರತಿ ಊಹೆಯನ್ನೂ, ಅದು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನೂ ಬರೆದಿದ್ದೆ.

ಸಾಕ್ಷಿ ಹೇಳುವ ದಿನಾಂಕ ಮೂರು ಸಲ ಮುಂದೆ ಹೋಯಿತು. ಪಾಟೀ ಸವಾಲು ಒಂದೂವರೆ ಗಂಟೆ ನಡೆಯಿತು. ನೀವು ಹಳಿಯ ಎಂಜಿನಿಯರು, ಬ್ರೇಕಿನ ಬಗ್ಗೆ ಹೇಳಲು ನಿಮಗೇನು ಅರ್ಹತೆ ಎಂಬುದು ಮೊದಲ ಪ್ರಶ್ನೆ. ಬ್ರೇಕಿನ ವಿನ್ಯಾಸದ ಬಗ್ಗೆ ನಾನು ಹೇಳುವುದಿಲ್ಲ, ನಿಲ್ಲಿಸಿದ ವ್ಯಾಗನ್‌ಗಳನ್ನು ಭದ್ರಪಡಿಸುವುದು ನನ್ನ ದಿನನಿತ್ಯದ ಕೆಲಸದ ಭಾಗವಾಗಿತ್ತು, ಅಷ್ಟಕ್ಕೆ ಮಾತ್ರ ಅಭಿಪ್ರಾಯ ಹೇಳಿದ್ದೇನೆ ಎಂದೆ. ಇಳಿಜಾರಿನ ಮೇಲೆ ಅವರು ಬಹಳ ಹೊತ್ತು ನಿಂತರು. ಹಳಿಯನ್ನು ಎತ್ತಿದ ನಂತರ ಬಂದು ಅಳೆದಿರಿ, ಕಾನ್‌ಸ್ಟೇಬಲ್ಲರ ಟೇಪನ್ನು ನಂಬಿದಿರಿ ಎಂದರು. ಎರಡೂ ನಿಜ, ಎರಡೂ ವರದಿಯಲ್ಲಿವೆ, ಇಳಿಜಾರು 400ಕ್ಕೆ 1 ಎಂದೇ ನೀವು ಹಿಡಿದರೂ ನನ್ನ ತೀರ್ಮಾನ ಬದಲಾಗುವುದಿಲ್ಲ ಎಂದು ಹೇಳಿದೆ. ಕುಸಿತವೇ ಕಾರಣವೆಂದು ನಾನು ಹಟ ಹಿಡಿದಿದ್ದರೆ ಬಹುಶಃ ಆ ಘಳಿಗೆಯಲ್ಲಿಯೇ ನನ್ನ ಸಾಕ್ಷ್ಯ ಮುರಿದು ಬೀಳುತ್ತಿತ್ತು. ಕೈ ಬ್ರೇಕು ಇತ್ತಲ್ಲ, ಅರ್ಜಿದಾರರೇ ಹಾಕಬಹುದಿತ್ತಲ್ಲ ಎಂಬುದು ಅವರ ಕೊನೆಯ ಪ್ರಶ್ನೆ. ಇತ್ತು, ಬಳಸಲು ಗೊತ್ತಿದ್ದರೆ ಹಾಕಬಹುದಿತ್ತು. ಅವರಿಗೆ ಯಾರು ಏನು ಹೇಳಿದ್ದರು ಎಂಬುದು ಅಲ್ಲಿದ್ದ ಸಾಕ್ಷಿಗಳು ಹೇಳಬೇಕಾದ ಮಾತು, ನಾನು ಹೇಳುವಂತಿಲ್ಲ ಎಂದೆ. ನ್ಯಾಯಾಧೀಶರು ಒಂದೇ ಪ್ರಶ್ನೆ ಕೇಳಿದರು: ಈ ರಿಲೀಸ್ ಹಿಡಿಕೆಯನ್ನು ಎಳೆಯದೆ ವ್ಯಾಗನ್ನನ್ನು ಕೈಯಿಂದ ಸರಿಸಲು ಸಾಧ್ಯವೇ? ಬ್ರೇಕು ಹಿಡಿದಿರುವಾಗ ಸಾಧ್ಯವಿಲ್ಲ ಎಂದೆ. ಅವರು ಅದನ್ನು ಬರೆಸಿಕೊಂಡರು.

ಆದೇಶ ಬಂದದ್ದು ಅದಾದ ಏಳು ವಾರಕ್ಕೆ. ಮೇಸ್ತ್ರಿಯ ಹೇಳಿಕೆಯನ್ನೂ ನನ್ನ ವರದಿಯ ನಾಲ್ಕು ಪ್ಯಾರಾಗಳನ್ನೂ ಉಲ್ಲೇಖಿಸಿ, ಹಿಡಿಕೆ ಎಳೆದದ್ದು ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದದ್ದಲ್ಲ ಎಂದು ನಿರ್ಣಯಿಸಿ ಪರಿಹಾರ ಮಂಜೂರು ಮಾಡಲಾಗಿತ್ತು. ಇಳಿಜಾರಿನ ವಿಷಯ ಈ ಅರ್ಜಿಯ ತೀರ್ಮಾನಕ್ಕೆ ಅಗತ್ಯವಿಲ್ಲ ಎಂದು ಒಂದೇ ಸಾಲು ಇತ್ತು.

ಆ ವಾರವೇ ಹುಡುಗ ಫೋನ್ ಮಾಡಿದ. ಸಂಸ್ಥೆಯವರು ಹನ್ನೆರಡು ವೆಜ್ ಮಾಡಿಸಿ, ಹಳದಿ ಬಣ್ಣ ಹಚ್ಚಿಸಿ, ನಂಬರು ಬರೆಸಿ, ಪ್ಲಾಟ್‌ಫಾರಂ ಗೋಡೆಗೆ ಕೊಕ್ಕೆ ಹೊಡೆಸಿ ನೇತುಹಾಕಿದ್ದಾರೆ, ವ್ಯಾಗನ್ ಸರಿಸುವ ಮೊದಲು ಕೈ ಬ್ರೇಕಿನ ಬಳಿ ಒಬ್ಬರು ನಿಲ್ಲಬೇಕೆಂದು ಹಮಾಲಿಗಳಿಗೆಲ್ಲ ತೋರಿಸಿಕೊಟ್ಟಿದ್ದಾರೆ ಎಂದ. ಕೆಳತುದಿಯಲ್ಲಿ ಈಗ ಕಲ್ಲಿನಿಂದ ಹಳಿಗೆ ಎಷ್ಟಿದೆ ಎಂದು ಕೇಳಿದೆ. ನೋಡಿಲ್ಲ ಎಂದ. ಈ ಮಳೆಗಾಲ ಮುಗಿಯುತ್ತಲೇ ಲೆವೆಲ್ ಹಿಡಿದು ನೋಡು, 1088 ದಾಟಿದ್ದರೆ ಮತ್ತೆ ಎತ್ತಬೇಕಾಗುತ್ತದೆ, ಈ ಸಲ ಎತ್ತಿದ್ದಕ್ಕೆ ಲೆಕ್ಕ ಬರೆದಿಡು ಎಂದು ಹೇಳಿದೆ.